ಹರಿಗೋಲಿಗೆ ಚಾಕು

ಮೂವತ್ತೊಂಬತ್ತು ವರ್ಷ ಭಟ್ಟಿಯ ಮುಂದೆ ನಿಂತವನು ಗಟ್ಟಿ ಗುಂಡಿಗೆಯವನಾಗಿರಬೇಕು ಎಂದು ನೀವು ತಿಳಿದಿದ್ದರೆ ಅದು ತಪ್ಪು. ನಾನು ಹುಟ್ಟಾ ಅಂಜುಬುರುಕ. ಈಗ ಬೇಕರಿ ಕೆಲಸಕ್ಕೆ ಸೇರುವ ಮಕ್ಕಳು ಒಮ್ಮೊಮ್ಮೆ ಮನೆಗೆ ಬಂದು, ‘ಯಜ್ಜಾ, ಕೇಕು ಹದಕ್ಕ ಬರಬೇಕಂದ್ರ ಏನ್ ಮಾಡಬೇಕು?’ ಎಂದು ಕೇಳುತ್ತಾರೆ. ‘ಮೊದಲ ಅಂಜೂದು ಕಲೀರಿ’ ಎನ್ನುತ್ತೇನೆ. ಅವರು ನಗುತ್ತಾರೆ. ನಗಲಿ, ನಾನೂ ಆ ವಯಸ್ಸಿನಲ್ಲಿ ನಗುತ್ತಿದ್ದೆ. ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ.

ನಮ್ಮದು ಮಸ್ಕಿ. ಕುರಿ ಕಾಯುವ ಮನೆ. ಗುಡ್ಡ, ಕಲ್ಲು, ಬಿಸಿಲು ಬಿಟ್ಟರೆ ಬೇರೆ ಕಂಡವನಲ್ಲ. ಮೊಣಕಾಲು ಮುಳುಗುವಷ್ಟು ನೀರು ಕಂಡರೆ ನನ್ನ ಎದೆ ಹೊಡೆದುಕೊಳ್ಳುತ್ತಿತ್ತು. ಕುರಿಗಿಂತ ನಾನೇ ಮೊದಲು ತೋಳಕ್ಕೆ ಹೆದರುತ್ತೇನೆ ಎಂದು ಅಪ್ಪ ಬೇಸತ್ತು, ಹಟ್ಟಿಯಲ್ಲಿ ಖಾದರ್ ಉಸ್ತಾದರ ಬೇಕರಿಗೆ ನನ್ನನ್ನು ಸೇರಿಸಿದ. ಚಿನ್ನದ ಗಣಿಯ ಪಾಳಿಗೆ ಹೋಗುವವರಿಗೆ ಅಲ್ಲಿಂದ ಬ್ರೆಡ್ಡು ಹೋಗುತ್ತಿತ್ತು.

ಆಗ ಭಟ್ಟಿಯ ಕಾವು ಅಳೆಯುವ ಯಂತ್ರ ಯಾರ ಬಳಿಯೂ ಇರಲಿಲ್ಲ. ಕಟ್ಟಿಗೆ ಉರಿಸಿ, ಕೆಂಡ ಎಳೆದು ಹೊರಗೆ ಹಾಕಿ, ಬರಿಗೈಯನ್ನು ಭಟ್ಟಿಯ ಬಾಯೊಳಗೆ ಹಿಡಿದು ಎಣಿಸಬೇಕು. ಎಂಟರವರೆಗೆ ತಡೆದುಕೊಳ್ಳಲಾದರೆ ಬ್ರೆಡ್ಡಿಗೆ ಹದ. ಹನ್ನೆರಡಾದರೆ ಕೇಕಿಗೆ. ನಾನು ನಾಲ್ಕಕ್ಕೇ ಕೈ ಎಳೆದುಕೊಂಡು ‘ಎಂಟ್ರೀ’ ಎನ್ನುತ್ತಿದ್ದೆ. ಒಂದು ದಿನ ಹಾಗೇ ಸುಳ್ಳು ಹೇಳಿ, ಸುಟ್ಟೀತೆಂದು ಹೆದರಿ ಬ್ರೆಡ್ಡನ್ನು ಬೇಗನೆ ಹೊರಗೆ ತೆಗೆದುಬಿಟ್ಟೆ. ಮೇಲೆ ಕೆಂಪಗೆ, ನಡುವೆ ಹಸಿ ಹಿಟ್ಟು. ಅದು ಪಾಳಿಯವರ ಬುತ್ತಿಯೊಳಗೆ ಸೇರಿ ನೆಲದ ಕೆಳಗೆ ಇಳಿದ ಮೇಲೆ ಉಸ್ತಾದರಿಗೆ ಗೊತ್ತಾಯಿತು. ಅವರು ಬೈಯಲಿಲ್ಲ. ಉಳಿದಿದ್ದ ಒಂದು ಬ್ರೆಡ್ಡನ್ನು ನನ್ನ ಮುಂದೆ ಇಟ್ಟು, ಪೂರ್ತಿ ತಿನ್ನಿಸಿದರು.

‘ಲೇ ಬೀರ್ಯಾ, ಅಂಜಿಕಿ ಎರಡು ನಮೂನಿ ಇರ್ತೈತಿ. ನಿನ್ನ ಕೈ ಸುಟ್ಟೀತಂತ ಅಂಜೋದು ಒಂದು. ತಿನ್ನೋರಿಗೆ ಏನಾದೀತಂತ ಅಂಜೋದು ಒಂದು. ನೀ ಮೊದಲಿಂದು ಬಿಡು, ಎರಡನೇದು ಹಿಡಿ.’

ಆ ಪಾಳಿ ಮುಗಿದು ಎಲ್ಲರೂ ಮೇಲೆ ಬರುವ ತನಕ ನಾನು ಗೇಟಿನ ಬಳಿ ನಿಂತಿದ್ದೆ. ಯಾರಿಗೂ ಏನೂ ಆಗಿರಲಿಲ್ಲ. ನನ್ನ ಹೊಟ್ಟೆ ಮಾತ್ರ ಎರಡು ದಿನ ಕೆಟ್ಟಿತ್ತು.

ಕಾಲುವೆಗೆ ನೀರು ಬಂದ ಮೇಲೆ ಸಿಂಧನೂರಿನಲ್ಲಿ ಜನವೋ ಜನ. ಆಂಧ್ರದಿಂದ ಬಂದ ರೈತರು, ಗುತ್ತಿಗೆದಾರರು, ಎಂಜಿನಿಯರುಗಳು. ನಾನು ಅಲ್ಲಿ ಸ್ವಂತ ಭಟ್ಟಿ ಹಾಕಿದೆ. ಹಿಟ್ಟು ಉಬ್ಬಿಸಲು ಮೊದಮೊದಲು ಈಚಲ ಸೇಂದಿಯನ್ನೇ ಹಾಕುತ್ತಿದ್ದೆವು, ಆಮೇಲೆ ಡಬ್ಬಿಯ ಈಸ್ಟ್ ಬಂತು. ಬೊಗಸೆ ಹೋಗಿ ತಕ್ಕಡಿ ಬಂತು. ಹೊಸತು ಬಂದಾಗಲೆಲ್ಲ ನನಗೆ ಹೊಸದಾಗಿ ಹೆದರಿಕೆ. ಒಮ್ಮೆ ಲಿಂಗಸುಗೂರಿನ ಬಟ್ಟೆ ವ್ಯಾಪಾರಿಯೊಬ್ಬರು ಮಗನ ನಿಶ್ಚಿತಾರ್ಥಕ್ಕೆ ಕೇಕು ಹೇಳಿದರು. ಲಿಂಗವಂತರ ಮನೆ. ತತ್ತಿ ಹಾಕಿಲ್ಲ ಎಂದು ನಾಲ್ಕು ಸಲ ಆಣೆ ಮಾಡಿದೆ, ಪಾತ್ರೆಗಳನ್ನೆಲ್ಲ ಬೂದಿ ಹಾಕಿ ಮೂರು ಸಲ ತಿಕ್ಕಿದೆ. ಆದರೂ ಅವರ ಮನೆಯ ಹಿರಿಯಮ್ಮ ಒಂದು ತುಣುಕು ಬಾಯಿಗಿಟ್ಟು, ನುಂಗಿ, ‘ಚಲೋ ಐತಪ್ಪ’ ಎನ್ನುವ ತನಕ ನನ್ನ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು.

ಇಷ್ಟೆಲ್ಲ ಅಂಜುವವನು ಒಂದೇ ಒಂದು ಸಲ ಅಂಜಲು ಮರೆತೆ. ಅದರ ಕಥೆಯೇ ಈ ಹರಿಗೋಲು.

ಕಾಲುವೆ ಇಲಾಖೆಯಲ್ಲಿ ಒಬ್ಬ ಎಂಜಿನಿಯರ್ ಸಾಹೇಬರಿದ್ದರು. ಮೈಸೂರು ಕಡೆಯವರು. ಮನುಷ್ಯ ಒಳ್ಳೆಯವರೇ, ಆದರೆ ಎದುರು ಮಾತು ಅಂದರೆ ಆಗುತ್ತಿರಲಿಲ್ಲ. ಹಿಂದಿನ ತಿಂಗಳಷ್ಟೇ, ಗೇಟು ಕಾಯುವ ಒಬ್ಬನು ಏನೋ ತಿರುಗಿ ಅಂದನೆಂದು ಅವನನ್ನು ಕಾಲುವೆಯ ಕೊನೆಯ ತುದಿಗೆ ವರ್ಗ ಮಾಡಿಬಿಟ್ಟಿದ್ದರು. ಅವರು ಒಂದು ದಿನ ಅಂಗಡಿಯ ಮುಂದೆ ಜೀಪು ನಿಲ್ಲಿಸಿ, ಒಂದು ಫೋಟೋ ತೋರಿಸಿದರು. ಯಾರದೋ ಮದುವೆ. ಮೇಜಿನ ಮೇಲೆ ಮೂತಿ ಚೂಪಾದ ದೊಡ್ಡ ದೋಣಿ. ಅದು ಕೇಕು.

‘ಬೀರಪ್ಪ, ಇಂಥದೊಂದು ಮಾಡೋಕಾಗುತ್ತಾ? ನಮ್ಮ ಗೇಟ್ ಕಾಯೋ ಯಂಕಪ್ಪನ ಮಗಳು ಗಂಗಮ್ಮನಿಗೆ ಮದುವೆ. ಅವಳ ತಾತ ಹನುಮಂತಪ್ಪ ಇದ್ದಾನಲ್ಲ, ಆ ಅಂಬಿಗ, ಅವನಿಲ್ಲದಿದ್ದರೆ ನಾನು ಇವತ್ತು ಇರ್ತಿರಲಿಲ್ಲ.’

ಕಾಲುವೆ ಕೆಲಸಕ್ಕೆ ಬರುವ ಮೊದಲು ಸಾಹೇಬರು ಕೃಷ್ಣಾ ನದಿಯ ಬದಿಯಲ್ಲಿ ಅಳತೆ ಮಾಡುತ್ತಿದ್ದರಂತೆ. ಹೊಳೆ ಏರಿದ ದಿನ ಅವರನ್ನೂ ಅವರ ಐದಾರು ಮಂದಿಯನ್ನೂ ಹನುಮಂತಪ್ಪ ತನ್ನ ಹರಿಗೋಲಿನಲ್ಲಿ ಹಾಕಿಕೊಂಡು ದಡ ಮುಟ್ಟಿಸಿದ್ದನಂತೆ. ಆ ಋಣಕ್ಕೆ ಸಾಹೇಬರೇ ಅವನ ಮಗ ಯಂಕಪ್ಪನನ್ನು ತುರ್ವಿಹಾಳದ ಹತ್ತಿರದ ಗೇಟಿಗೆ ಹಚ್ಚಿದ್ದರು.

ನಾನು ಫೋಟೋ ನೋಡಿ ನನ್ನ ಜಾಣತನ ತೋರಿಸಿದೆ. ‘ಸಾಹೇಬ್ರ, ಇಂಥಾ ಮೂಗಿನ ದೋಣಿ ನಮ್ಮ ಕಡೆ ಇಲ್ರೀ. ನಮ್ಮ ಮಂದಿಗೆ ಹರಿಗೋಲು ಅಂದ್ರ ದುಂಡಗ, ಬುಟ್ಟಿ ಇದ್ದಂಗ. ಹನುಮಂತಪ್ಪಜ್ಜನ ಹರಿಗೋಲ್ನ ಮಾಡ್ತೀನಿ. ಇದ್ದದ್ದು ಇದ್ದಂಗ.’

ಸಾಹೇಬರು ಮೇಜು ಕುಟ್ಟಿ, ‘ಅದೇ ಮಾಡು’ ಎಂದರು. ಯಾರಿಗೂ ಹೇಳಬಾರದು, ಮದುವೆಯ ದಿನ ತಾವೇ ಬಂದು ಗಂಡು ಹೆಣ್ಣಿನ ಕೈಯಿಂದ ಕೊಯ್ಯಿಸುತ್ತೇವೆ ಎಂದರು. ಆ ದಿನ ನನ್ನಂಥ ಜಾಣ ಸಿಂಧನೂರಿನಲ್ಲೇ ಇಲ್ಲ ಎಂದುಕೊಂಡು ಹೆಂಡತಿಗೂ ಎರಡು ಸಲ ಹೇಳಿದೆ.

ಅಳತೆ ತರಲು ಗೇಟಿನ ಮನೆಗೆ ಹೋದೆ. ಹನುಮಂತಪ್ಪಜ್ಜ ಹಿತ್ತಿಲಲ್ಲಿ ಬಿಸಿಲಿಗೆ ಕೂತಿದ್ದ. ಎಲುಬು, ಚರ್ಮ, ಎರಡು ಕಣ್ಣು, ಅಷ್ಟೇ ಉಳಿದಿತ್ತು. ಜ್ವರ ಬಂದು ಹೋದ ಮೇಲೆ ಅನ್ನ ಸೇರುತ್ತಿರಲಿಲ್ಲವಂತೆ. ಅವನ ಪಕ್ಕದಲ್ಲಿ ಬಿದಿರಿಗೆ ಚರ್ಮ ಹೊದಿಸಿದ ಹರಿಗೋಲು ಬೋರಲು ಬಿದ್ದಿತ್ತು. ಹೊಳೆ ಬಿಟ್ಟು ಬರುವಾಗ ಅದನ್ನು ಬಂಡಿಯ ಮೇಲೆ ಹೇರಿಕೊಂಡು ಬಂದಿದ್ದ. ಕಾಲುವೆಯಲ್ಲಿ ಅದಕ್ಕೇನು ಕೆಲಸ? ಆದರೂ ವರ್ಷಕ್ಕೊಮ್ಮೆ ಡಾಂಬರು ಬಳಿಯುತ್ತಿದ್ದ.

‘ಸಾಹೇಬ್ರು ಅಳತಿ ತಾ ಅಂದಾರ’ ಎಂದೆ.

‘ಇದನ್ನೂ ಸರಕಾರಕ್ಕ ಬರಕೊಂತೀರೇನು?’ ಎಂದು ಗೊಣಗಿದ. ಆದರೆ ತಡೆಯಲಿಲ್ಲ. ದಾರ ಹಿಡಿದು ಸುತ್ತಳತೆ ತೆಗೆದೆ, ಅಂಚು ಎತ್ತಿ ಒಳಗಿನ ಬಿದಿರಿನ ಹೆಣಿಗೆ ಎಣಿಸಿದೆ. ಒಂದು ಕಡೆ ಅಂಗೈಯಗಲದ ತೇಪೆ ಇತ್ತು, ಹೊಸದಾಗಿ ಹಚ್ಚಿದ್ದು, ಇನ್ನೂ ಡಾಂಬರು ಕಾಣದೆ ಬಿಳುಪಾಗಿತ್ತು. ಅದನ್ನೂ ಬರೆದುಕೊಂಡೆ. ಡಾಂಬರಿನ ಕೆಳಗಿನ ಬಣ್ಣ ನೋಡೋಣವೆಂದು ಸೊಂಟದಿಂದ ಸಣ್ಣ ಚಾಕು ತೆಗೆದೆ. ಮುದುಕ ನನ್ನ ಮುಂಗೈ ಹಿಡಿದ. ಆ ಎಲುಬಿನ ಕೈಯಲ್ಲಿ ಅಷ್ಟು ಬಲ ಎಲ್ಲಿತ್ತೋ.

‘ಚಾಕು ಒಳಗಿಡು.’

‘ಬಣ್ಣ ನೋಡಾಕ ಯಜ್ಜಾ.’

‘ಕಣ್ಣೀಲೆ ನೋಡು.’

ಮುದುಕ ಸಿಡುಕ ಎಂದುಕೊಂಡು ಚಾಕು ಸಿಗಿಸಿಕೊಂಡು ಬಂದೆ. ಯಾಕೆ ಎಂದು ಕೇಳಲಿಲ್ಲ. ಮಕ್ಕಳೇ, ಗಿರಾಕಿಯ ಮನೆಯಲ್ಲಿ ಯಾರಾದರೂ ನಿಮ್ಮ ಕೈ ಹಿಡಿದರೆ ಯಾಕೆ ಎಂದು ಕೇಳಿರಿ. ಇಷ್ಟೆಲ್ಲ ಬರೆಯುವುದರಲ್ಲಿ ನಾನು ಕಲಿಸಬಹುದಾದದ್ದು ಅದೊಂದೇ.

ಕೇಕು ಮಾಡಿದ ಬಗೆ ಹೇಳುತ್ತೇನೆ. ಆ ಆಕಾರದ ಅಚ್ಚು ಎಲ್ಲಿಯೂ ಸಿಗದು. ಮದುವೆ ಅಡಿಗೆಯ ದೊಡ್ಡ ಕಬ್ಬಿಣದ ಕಡಾಯಿಗೆ ಬೆಣ್ಣೆ ಸವರಿ ಅದರಲ್ಲೇ ಬೇಯಿಸಿದೆ. ಮೊದಲನೆಯದು ತಳ ಹಿಡಿಯಿತು, ಎರಡನೆಯದು ಒಪ್ಪವಾಗಿ ಬಂತು. ಬಿಸಿ ಕೇಕಿಗೆ ಚಾಕು ಹಾಕಿದರೆ ಪುಡಿಯಾಗುತ್ತದೆ, ಒಂದು ದಿನ ಆರಬೇಕು. ಆರಿದ ಮೇಲೆ ಒಳಗಿನದನ್ನು ಕೆರೆದು ತೆಗೆದು, ಗೋಡೆ ಎರಡು ಬೆರಳು ದಪ್ಪ ಉಳಿಸಿದೆ. ಸಕ್ಕರೆ ಪುಡಿಗೆ ಅಂಟು ಕಲಸಿ, ನಾದಿ, ಪಟ್ಟಿ ಕೊಯ್ದು, ಒಳಮೈಗೆ ಬಿದಿರಿನಂತೆ ಹೆಣೆದೆ. ಹೊರಮೈಗೆ ಬೆಲ್ಲವನ್ನು ಕಪ್ಪಾಗುವ ತನಕ ಸುಟ್ಟ ಪಾಕ ಬಳಿದೆ, ಅದು ಡಾಂಬರಿನಂತೆಯೇ ಹೊಳೆಯಿತು. ಕೊನೆಗೆ ಬಿಳಿಯ ತೇಪೆ ಹಚ್ಚಿದೆ. ಕೆರೆದು ತೆಗೆದ ಕೇಕನ್ನು ಒಂದು ಡಬ್ಬಿಗೆ ತುಂಬಿದೆ. ತುಣುಕು ಚೆಲ್ಲುವವನು ಬೇಕರಿಯವನೇ ಅಲ್ಲ ಎಂದು ಉಸ್ತಾದರು ಹೇಳುತ್ತಿದ್ದರು. ಗೇಟಿನ ಮನೆಯ ಮಕ್ಕಳಿಗೆ ಆದೀತು ಎಂದುಕೊಂಡೆ.

ಮಾಘ ಮಾಸದ ಮದುವೆ. ಬೆಳಿಗ್ಗೆ ಜೀಪು ಬಂತು. ಹಿಂದಿನ ಸೀಟಿನಲ್ಲಿ ಕೌದಿ ಹಾಸಿ, ಕೇಕನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತೆ. ಸಾಹೇಬರು ಕೆಂಪು ರಿಬ್ಬನ್ನು ಕಟ್ಟಿದ ಉದ್ದನೆಯ ಚಾಕನ್ನೂ ಕಳಿಸಿದ್ದರು. ಕಾಲುವೆ ಏರಿಯ ಮೇಲೆ ಜೀಪು ಹೋಗುವಾಗ ಎಡಕ್ಕೆ ತುಂಬಿದ ನೀರು, ಬಲಕ್ಕೆ ಇಳಿಜಾರು. ನಾನು ಕಣ್ಣು ಮುಚ್ಚಿಕೊಂಡೆ. ಚಾಲಕ, ‘ಬೀರಪ್ಪಣ್ಣ, ಮುಳುಗಿದ್ರ ನಿನ್ನ ಹಂತ್ಯಾಕ ಹರಿಗೋಲು ಐತಲ್ಲ’ ಎಂದು ನಕ್ಕ. ನನಗೆ ನಗೆ ಬರಲಿಲ್ಲ.

ಗೇಟಿನ ಮನೆ ಮುಟ್ಟಿದಾಗ ಅಕ್ಕಿಕಾಳು ಬಿದ್ದು ಮದುವೆ ಮುಗಿದಿತ್ತು. ಊಟದ ತಯಾರಿ ನಡೆದಿತ್ತು. ಜೀಪು ಸಾಹೇಬರನ್ನು ಕರೆತರಲು ತಿರುಗಿ ಹೋಯಿತು. ಯಂಕಪ್ಪನನ್ನು ಒಳಕೋಣೆಗೆ ಕರೆದು, ಬಾಗಿಲು ಮುಂದೂಡಿ, ಮುಚ್ಚಿದ ಬಟ್ಟೆ ತೆಗೆದೆ. ಹೊಗಳುತ್ತಾನೆ ಎಂದು ಕಾದೆ. ಅವನು ಹರಿಗೋಲು ನೋಡಿದ, ತೇಪೆ ನೋಡಿದ, ಪಕ್ಕದಲ್ಲಿದ್ದ ರಿಬ್ಬನ್ನಿನ ಚಾಕು ನೋಡಿದ.

‘ಅಣ್ಣಾ, ಇದು ನಮ್ಮಪ್ಪಂದು.’

‘ಹೌದು, ಅವನದ. ಇದ್ದಂಗ ಮಾಡೀನಿ.’

‘ಚಾಕು ಯಾಕ ತಂದಿ?’

ಸಾಹೇಬರು ಬಂದು ಗಂಗಮ್ಮನ ಕೈಯಿಂದ ಕೊಯ್ಯಿಸುತ್ತಾರೆ ಎಂದೆ. ಯಂಕಪ್ಪ ನೆಲದ ಮೇಲೆ ಕುಕ್ಕರಿಸಿದ. ‘ನಮ್ಮ ಮನಿತನದಾಗ ಹರಿಗೋಲಿಗೆ ಚಾಕು ಬೀಳೋದು ಒಮ್ಮೆ, ಅಣ್ಣಾ. ಅದರ ಅಂಬಿಗ ಸತ್ತ ದಿನ. ಮಗ ಆದಾಂವ ಚರ್ಮ ಸೀಳಿ ದಂಡಿ ಮ್ಯಾಲ ಬಿಡ್ತಾನ. ಅಪ್ಪ ಜೀವಂತ ಕುಂತಾನ, ಅವನ ಕಣ್ಣ ಮುಂದ ಅವನ ಹರಿಗೋಲು ಅವನ ಮೊಮ್ಮಗಳ ಕೈಲೆ ಸೀಳಿಸ್ತೀರೇನು?’

ಮುಂಗೈ ಹಿಡಿದ ಎಲುಬಿನ ಕೈ ನೆನಪಾಯಿತು. ಸಾಹೇಬರು ತೋರಿಸಿದ ಮೂಗಿನ ದೋಣಿಯನ್ನೇ ಮಾಡಿದ್ದರೆ ಯಾರಿಗೂ ಏನೂ ಅನಿಸುತ್ತಿರಲಿಲ್ಲ. ಅದು ಯಾರ ದೋಣಿಯೂ ಅಲ್ಲ. ನಾನು ಜಾಣನಾಗಿ, ತೇಪೆಯ ಸಮೇತ, ಇದೇ ಮುದುಕನ ಹರಿಗೋಲನ್ನು ಮಾಡಿ ತಂದಿದ್ದೆ.

‘ಸಾಹೇಬ್ರಿಗೆ ಬ್ಯಾಡಂತ ಹೇಳು’ ಎಂದೆ.

‘ನಾ ಹ್ಯಾಂಗ ಹೇಳ್ಲಿ? ಹ್ಞೂಂ ಅಂದ್ರ ಅಪ್ಪನ ಜೀವ, ಊಹ್ಞೂಂ ಅಂದ್ರ ನೌಕರಿ. ಈ ಮನಿನೂ ನೌಕರೀದ ಅಣ್ಣಾ.’

ಕೇಕನ್ನು ಕೈಜಾರಿ ಬೀಳಿಸಿಬಿಡಲೇ ಎಂದೂ ಯೋಚಿಸಿದೆ. ಎರಡೂ ಕೈಯಿಂದ ಎತ್ತಿಯೂ ಆಗಿತ್ತು. ಆದರೆ ಮದುವೆ ಮನೆಯಲ್ಲಿ ಅಂಬಿಗನ ಹರಿಗೋಲು ಒಡೆದುಹೋಯಿತು ಎಂದರೆ ಅದು ಇನ್ನೂ ಕೆಟ್ಟದ್ದು. ಮತ್ತೆ ಕೆಳಗಿಟ್ಟೆ. ಕೈ ಬೆವೆತು ಬೆಲ್ಲದ ಪಾಕಕ್ಕೆ ಅಂಟುತ್ತಿತ್ತು. ಹೆದರಿದಾಗ ನನಗೆ ಕೈಗೆ ಏನಾದರೂ ಕೆಲಸ ಬೇಕು. ತುಣುಕಿನ ಡಬ್ಬಿ ಕಣ್ಣಿಗೆ ಬಿತ್ತು. ಮುಚ್ಚಳ ತೆಗೆದೆ, ಬಟ್ಟಲು ಹಾಲು ತರಿಸಿದೆ, ಕಲಸಿ ಉಂಡೆ ಕಟ್ಟತೊಡಗಿದೆ. ಏನು ಮಾಡುತ್ತಿದ್ದೇನೆ ಎಂದು ಏಳೆಂಟು ಉಂಡೆ ಆಗುವ ತನಕ ನನಗೇ ಗೊತ್ತಿರಲಿಲ್ಲ. ಆಮೇಲೆ ಗೊತ್ತಾಯಿತು. ಉಂಡೆಗೆ ತಲೆ ಮಾಡಿದೆ, ಅದು ಮನುಷ್ಯ. ತಲೆ ಇಲ್ಲದ್ದು ಜೋಳದ ಚೀಲ. ಒಂದಕ್ಕೆ ಕಸಬರಿಗೆಯ ಕಡ್ಡಿ ತೊಳೆದು ಸಿಗಿಸಿದೆ, ಹುಟ್ಟು ಹಿಡಿದ ಅಂಬಿಗ. ಎಲ್ಲರನ್ನೂ ಹರಿಗೋಲಿನಲ್ಲಿ ಕೂರಿಸಿದೆ. ಚಾಕನ್ನು ಅಂಗಿಯೊಳಗೆ, ಬೆನ್ನಿಗೆ ಸಿಗಿಸಿಕೊಂಡೆ.

ಸಾಹೇಬರು ಬಂದರು. ಚಪ್ಪರದ ಕೆಳಗೆ ಮೇಜು ಹಾಕಿ ಕೇಕು ಇಟ್ಟರು. ಮಂದಿ ಸುತ್ತ ನೆರೆದರು. ಹನುಮಂತಪ್ಪಜ್ಜನನ್ನು ಇಬ್ಬರು ಹಿಡಿದುಕೊಂಡು ಬಂದು ಕುರ್ಚಿಯ ಮೇಲೆ ಕೂರಿಸಿದರು. ಅವನು ಬಾಗಿ ಬಿಳಿಯ ತೇಪೆಯನ್ನು ಬೆರಳಿನಿಂದ ಮುಟ್ಟಿದ.

‘ಚಾಕು ಎಲ್ಲಿ ಬೀರಪ್ಪ? ಗಂಗಮ್ಮ, ಬಾ ತಾಯಿ’ ಎಂದರು ಸಾಹೇಬರು.

ಯಂಕಪ್ಪ ನೆಲ ನೋಡುತ್ತಿದ್ದ. ಬೆನ್ನಿಗೆ ಚಾಕು ತಣ್ಣಗೆ ತಾಗುತ್ತಿತ್ತು.

‘ಚಾಕು ನನ್ನ ಹಂತ್ಯಾಕ ಐತ್ರೀ. ಕೊಡಂಗಿಲ್ರೀ.’

ಜನ್ಮದಲ್ಲಿ ಸರಕಾರದ ಮನುಷ್ಯನಿಗೆ ನಾನು ಇಲ್ಲ ಎಂದದ್ದು ಅದೇ ಮೊದಲು. ಸಾಹೇಬರ ಹುಬ್ಬು ಗಂಟಾಯಿತು. ‘ಏನಂದೆ?’

‘ತಪ್ಪು ನಂದ ಸಾಹೇಬ್ರ. ಯಂಕಪ್ಪಂದು ಏನೂ ಇಲ್ಲ, ಅವಗ ಗೊತ್ತ ಇರಲಿಲ್ಲ. ಇದು ಕೊಯ್ಯೋ ಹರಿಗೋಲಲ್ರೀ. ಇದು... ಇದು ಇಳಿಸೋ ಹರಿಗೋಲ್ರೀ.’ ಹರಿಗೋಲಿನಲ್ಲಿ ಕೂತ ಉಂಡೆಗಳ ಕಡೆ ಕೈ ತೋರಿಸಿದೆ.

ಆಗ ಮುದುಕ ಬಾಯಿ ತೆರೆದ. ‘ಸಾಹೇಬ್ರ, ಅವತ್ತು ನನ್ನ ಹರಿಗೋಲ್ನ್ಯಾಗ ಕುಂತಿದ್ರಿ. ದಂಡಿ ಮುಟ್ಟಿದ ಮ್ಯಾಲ ಏನ್ ಮಾಡಿದ್ರಿ?’

ಸಾಹೇಬರಿಗೆ ಅರ್ಥವಾಗಲಿಲ್ಲ. ‘ಏನು ಮಾಡ್ತೀನಿ? ಇಳಿದೆ.’

‘ಇಳದ್ರಿ. ಕೊಯ್ಯಲಿಲ್ಲಲ್ಲ?’

ಸಾಹೇಬರು ಮುದುಕನ ಮುಖವನ್ನೇ ನೋಡುತ್ತಾ ನಿಂತರು. ಆಮೇಲೆ ಮೆಲ್ಲಗೆ ಬಾಗಿ ಹರಿಗೋಲಿನೊಳಗೆ ಇಣುಕಿ, ‘ಇದರಲ್ಲಿ ನಾನು ಯಾವನಪ್ಪ?’ ಎಂದರು.

ಮುದುಕ ಆರಿಸಿ ಆರಿಸಿ ಒಂದು ಉಂಡೆ ಎತ್ತಿದ. ‘ಇಕಾ, ಇದು. ಅವತ್ತು ಸುಳಿಯೊಳಗ ವಾಂತಿ ಮಾಡಿದವ್ರು ನೀವ. ಬರ್ರೀ, ಇಳೀರಿ.’ ಅದನ್ನು ಸಾಹೇಬರ ಬಾಯಿಗೆ ಇಟ್ಟ.

ಮಂದಿ ನಗಲು ಹೆದರಿ ಸುಮ್ಮನಿದ್ದರು. ಮೊದಲು ನಕ್ಕವರು ಸಾಹೇಬರೇ. ಬಾಯಿ ತುಂಬ ಉಂಡೆ, ಕಣ್ಣಲ್ಲಿ ನೀರು. ಗಂಗಮ್ಮ ಒಬ್ಬೊಬ್ಬರನ್ನೇ ಇಳಿಸಿ ಬೀಗರ ಕೈಗೆ ಕೊಟ್ಟಳು. ಅನ್ನ ಬಿಟ್ಟಿದ್ದ ಮುದುಕ ಒಂದು ಜೋಳದ ಚೀಲ ತಿಂದ. ಕೊನೆಗೆ ಮದುಮಗ ಕಡ್ಡಿ ಹಿಡಿದ ಉಂಡೆಗೆ ಕೈ ಹಾಕಿದ.

‘ಅದನ್ನ ಬಿಡಪ್ಪ’ ಎಂದ ಮುದುಕ. ‘ಅಂಬಿಗ ಎಲ್ಲಾರಿಗಿಂತ ಕಡೀಗೆ ಇಳೀತಾನ.’

ಬರಿದಾದ ಹರಿಗೋಲನ್ನು, ಒಳಗೆ ಒಬ್ಬನೇ ಅಂಬಿಗನನ್ನು ಕೂರಿಸಿಕೊಂಡಂತೆಯೇ, ಒಲೆಯ ಮೇಲಿನ ನೆಲವಿನಲ್ಲಿ ಇಟ್ಟರು. ಹಾಲು ಮೊಸರನ್ನು ಬೆಕ್ಕು ಇರುವೆ ಮುಟ್ಟದಂತೆ ತೂಗುಹಾಕುವ ಹಗ್ಗದ ಜಾಲರಿ ಅದು. ಮನೆಗೆ ಹೊರಟಾಗ ಸಾಹೇಬರು ನನ್ನ ಮುಂದೆ ಕೈ ಚಾಚಿದರು. ಚಾಕು ತೆಗೆದುಕೊಟ್ಟೆ. ಅದರ ರಿಬ್ಬನ್ನು ನನ್ನ ಬೆವರಿಗೆ ಬಣ್ಣ ಬಿಟ್ಟು ಅಂಗಿಯ ಬೆನ್ನು ಕೆಂಪಾಗಿತ್ತು. ಅವರು ಬೈಯಲೂ ಇಲ್ಲ, ಹೊಗಳಲೂ ಇಲ್ಲ. ಯಂಕಪ್ಪ ಅದೇ ಗೇಟಿನಲ್ಲಿ ಉಳಿದ.

ಹೆದರಿಕೆ ಅಲ್ಲಿಗೆ ಮುಗಿಯಲಿಲ್ಲ. ಚಾಕು ಬೀಳಲಿಲ್ಲ ನಿಜ, ಆದರೆ ಜೀವಂತ ಇರುವವನ ಮನೆಗೆ ಚಾಕು ಒಯ್ದವನು ನಾನೇ ಅಲ್ಲವೇ? ತುರ್ವಿಹಾಳದ ಬಸ್ಸು ಬಂದಾಗಲೆಲ್ಲ ಹಿಟ್ಟಿನ ಕೈಯಲ್ಲೇ ಹೊರಗೆ ಓಡಿ ಕಂಡಕ್ಟರನನ್ನು ‘ಗೇಟಿನ ಮನಿ ಯಜ್ಜ ಹ್ಯಾಂಗದಾನ?’ ಎಂದು ಕೇಳುತ್ತಿದ್ದೆ. ‘ಅದಾನ ಬಿಡೋ ಮಾರಾಯ’ ಎನ್ನುತ್ತಿದ್ದ. ಶಿವರಾತ್ರಿ ಹೋಯಿತು, ಯುಗಾದಿ ಹೋಯಿತು. ಕಾರಹುಣ್ಣಿಮೆ ಕಳೆದ ಮೂರನೆಯ ದಿನ ಬಸ್ಸಿನಿಂದ ಯಂಕಪ್ಪನೇ ಇಳಿದ. ತಲೆಗೆ ರುಮಾಲು ಇರಲಿಲ್ಲ. ನಾನು ಅಂಗಡಿಯ ಕಂಬ ಹಿಡಿದುಕೊಂಡೆ.

‘ಅಪ್ಪ ನಸುಕಿನ್ಯಾಗ ಹೋದ. ನಿನ್ನ ಚಾಕು ತಗೊಂಡು ಬಾ ಅಣ್ಣಾ.’

‘ನಾ ಯಾಕ?’

‘ಆ ಹರಿಗೋಲು ಮಗ ಸೀಳ್ತಾನ, ಕೇಕಿನ ಹರಿಗೋಲು ಅದನ್ನ ಮಾಡಿದಾಂವ ಸೀಳ್ಲಿ ಅಂತ ಅಪ್ಪ ಹೇಳ್ಯಾನ.’

ನನ್ನಿಂದಲೇ ಹೀಗಾಯಿತೇ ಎಂದು ಕೇಳಬೇಕೆಂದು ದಾರಿಯುದ್ದಕ್ಕೂ ಬಾಯಿ ತೆರೆದೆ. ಕೇಳಲು ಧೈರ್ಯ ಬರಲಿಲ್ಲ. ಇವತ್ತಿನವರೆಗೂ ಬಂದಿಲ್ಲ.

ಕಾಲುವೆಯ ದಂಡೆಯಲ್ಲಿ ಯಂಕಪ್ಪ ಅಪ್ಪನ ಹರಿಗೋಲನ್ನು ಸೀಳಿದ. ಹಳೆಯ ಚರ್ಮ, ಒಂದೇ ಎಳೆತಕ್ಕೆ ಬಿಟ್ಟಿತು. ಆಮೇಲೆ ಗಂಗಮ್ಮ ನನ್ನ ಹರಿಗೋಲನ್ನು ಸೆರಗಿನಲ್ಲಿ ತಂದು ಮುಂದೆ ಇಟ್ಟಳು. ನಾಲ್ಕು ತಿಂಗಳ ಒಲೆಯ ಹೊಗೆ ಕುಡಿದು ಅದು ರಸ್ಕಿನಂತೆ ಒಣಗಿ, ನಿಜವಾದ ಹರಿಗೋಲಿಗಿಂತ ಕಪ್ಪಾಗಿತ್ತು. ತೇಪೆ ಮಾತ್ರ ಇನ್ನೂ ಬಿಳುಪಾಗಿತ್ತು. ಒಳಗೆ ಕಡ್ಡಿ ಹಿಡಿದವನು ಕೂತೇ ಇದ್ದ.

ನಾನು ಚಾಕು ತೆಗೆದೆ. ಮೊದಲು ಅಂಬಿಗನನ್ನು ಎತ್ತಿ ದಂಡೆಗೆ ಇಳಿಸಿದೆ. ಆಮೇಲೆ ಸೀಳಿದೆ.